ಮನೆಯಲ್ಲೇ ಪುಟ್ಟ ಎಂಜಿನ್ ಕಟ್ಟುವವರಿಗೆ ಯಾವ ಕ್ಯಾಡ್ ಸಾಫ್ಟ್‌ವೇರ್ ಸರಿ?

ಹೋದ ವರ್ಷ ಒಂದು ಹಿತ್ತಾಳೆ ಪ್ಲೇಟ್ ಹಾಳು ಮಾಡಿಕೊಂಡೆ. ಪುಟ್ಟ ಉಗಿ ಎಂಜಿನ್ನಿನ ಫ್ರೇಮ್ ಅದು. ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಅಳತೆಗೆ ಸರಿಯಾಗಿ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ, ಡ್ರಾಯಿಂಗ್ ಮಾಡಿ, ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದೆ. ಆ ಹಾಳೆಯನ್ನೇ ಪ್ಲೇಟಿನ ಮೇಲೆ ಅಂಟಿಸಿ, ಸೆಂಟರ್ ಪಂಚ್ ಹೊಡೆದು ಡ್ರಿಲ್ ಮಾಡಿದೆ. ಎರಡು ತೂತುಗಳ ನಡುವೆ 40 ಮಿ.ಮೀ. ಇರಬೇಕಿತ್ತು. ವರ್ನಿಯರ್ ಇಟ್ಟು ನೋಡಿದರೆ 38.8. ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಆನ್ ಆಗಿತ್ತು. ಹಾಳೆಗೆ ಹೊಂದಲಿ ಅಂತ ಚಿತ್ರ ಶೇಕಡ 97ಕ್ಕೆ ಕುಗ್ಗಿತ್ತು. ಜೋಡಿಸಿ ತಿರುಗಿಸಿದಾಗ ಪಿಸ್ಟನ್ ಹೋಗಿ ಸಿಲಿಂಡರಿನ ತಲೆಗೆ ಬಡಿಯಿತು.

ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗೇ ಇತ್ತು.

ಆವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಕ್ಯಾಡ್ ಆರಿಸುವಾಗ ನಾವು ಪರದೆ ನೋಡುತ್ತೇವೆ: ಬಣ್ಣ ಎಷ್ಟು ಚೆಂದ, ಎಷ್ಟು ಬಟನ್ ಇವೆ, ಯಾರು ಹೊಗಳಿದ್ದಾರೆ. ಆದರೆ ಎಂಜಿನ್ ಆಗುವುದು ಅದರಿಂದ ಆಚೆ ಬರುವ ಹಾಳೆಯಿಂದ, ಫೈಲಿನಿಂದ. ಹಾಗಾಗಿ ಆ ಕೊನೆಯಿಂದ ಹಿಂದಕ್ಕೆ ಬರುತ್ತಾ ಆರಿಸೋಣ. ನನಗೆ ಗೊತ್ತಿರುವ ದಾರಿ ಇದೇ, ಹೊಸಬರಿಗೂ ಇದನ್ನೇ ಹೇಳುತ್ತೇನೆ.

ಹೆಜ್ಜೆ 1: ನಿಮ್ಮ ಡ್ರಾಯಿಂಗ್ ಯಾರ ಕೈಗೆ ಹೋಗುತ್ತದೆ?

ಒಂದು ಕಾಗದ ತೆಗೆದುಕೊಳ್ಳಿ. ನೀವು ಕಟ್ಟಬೇಕೆಂದಿರುವ ಮಾಡೆಲ್‌ನ ಭಾಗಗಳನ್ನು ಸುಮ್ನೆ ಪಟ್ಟಿ ಮಾಡಿ. ಪ್ರತಿ ಭಾಗದ ಎದುರು ಅದನ್ನು ಎಲ್ಲಿ, ಯಾರು ಮಾಡುತ್ತಾರೆ ಎಂದು ಬರೆಯಿರಿ.

ನಿಮ್ಮ ಲೇತಿನಲ್ಲಿ ನೀವೇ ತಿರುಗಿಸುವ ಭಾಗಕ್ಕೆ, ಅಥವಾ ಪೀಣ್ಯದ ಟರ್ನರ್ ಒಬ್ಬರಿಗೆ ಕೊಡುವ ಭಾಗಕ್ಕೆ, ಅಳತೆ ಬರೆದ ಕಾಗದ ಬೇಕು. ಲೇಸರ್ ಕಟಿಂಗ್‌ಗೆ ಡಿಎಕ್ಸ್ಎಫ್ (2ಡಿ ಗೆರೆಗಳ) ಫೈಲ್ ಕೇಳುತ್ತಾರೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರದ) ಮಿಲ್ಲಿಂಗ್‌ಗೆ 3ಡಿ ಆಕಾರದ ಸ್ಟೆಪ್ ಫೈಲ್. 3ಡಿ ಪ್ರಿಂಟರ್‌ಗೆ ಎಸ್‌ಟಿಎಲ್ ಎಂಬ ಇನ್ನೊಂದು 3ಡಿ ಫೈಲ್. ಫ್ಲೈವೀಲ್ ಎರಕ ಹೊಯ್ಯಿಸಬೇಕು, ಬೆಳಗಾವಿಯ ಫೌಂಡ್ರಿಗೆ ಪ್ಯಾಟರ್ನ್ (ಎರಕದ ಅಚ್ಚು ತೆಗೆಯುವ ಮಾದರಿ) ಕಳಿಸಬೇಕು ಅಂದರೆ ಅದಕ್ಕೂ 3ಡಿ ಪ್ರಿಂಟ್ ಸಾಕಾಗಬಹುದು. ಆದರೆ ಬೀಡು ಕಬ್ಬಿಣ ಆರುವಾಗ ಸುಮಾರು ಶೇಕಡ 1ರಷ್ಟು ಕುಗ್ಗುತ್ತದೆ. ಲೇತಿನಲ್ಲಿ ಕೆತ್ತಲು ಒಂದೆರಡು ಮಿ.ಮೀ. ಹೆಚ್ಚುವರಿಯೂ ಬೇಕು. ಅಂದರೆ ಪ್ಯಾಟರ್ನ್‌ಗೆ ಬೇರೆಯೇ ಅಳತೆ. ಇದನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ.

ನನ್ನ ಪಟ್ಟಿಯಲ್ಲಿ ಹತ್ತರಲ್ಲಿ ಏಳು ಭಾಗಗಳ ಎದುರು ‘ಕಾಗದ’ ಅಂತಲೇ ಇತ್ತು. ನಿಮ್ಮದೂ ಹಾಗೇ ಇದ್ದರೆ, ಒಳ್ಳೆಯ ಡ್ರಾಯಿಂಗ್ ಶೀಟ್ ಕೊಡದ ಸಾಫ್ಟ್‌ವೇರ್ ಎಷ್ಟೇ ಸುಲಭವಾಗಿದ್ದರೂ ಬೇಡ. ಟಿಂಕರ್‌ಕ್ಯಾಡ್ ಹೀಗೇ ಬಿಟ್ಟುಹೋಗುತ್ತದೆ. ಮಕ್ಕಳಿಗೆ ಕಲಿಸಲು, ಒಂದು ಹಿಡಿಕೆ ಪ್ರಿಂಟ್ ಮಾಡಿಕೊಳ್ಳಲು ಅದು ಚೆನ್ನಾಗಿದೆ. ಅಳತೆ ಹಾಕಿದ ಮೂರು ನೋಟದ ಡ್ರಾಯಿಂಗ್ ಅದರಿಂದ ಬರುವುದಿಲ್ಲ.

ಸ್ಕೆಚ್ಅಪ್ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಮನೆ, ಪೀಠೋಪಕರಣಕ್ಕೆ ಅದು ಒಳ್ಳೆಯದು. ಆದರೆ ಅದರಲ್ಲಿ ವೃತ್ತ ಅಂದರೆ ನಿಜವಾದ ವೃತ್ತ ಅಲ್ಲ, ಸಣ್ಣ ಸಣ್ಣ ನೇರ ಗೆರೆಗಳ ಸರ. ನೀವು ಬದಲಿಸದಿದ್ದರೆ 24 ಗೆರೆ. 20 ಮಿ.ಮೀ. ವ್ಯಾಸದ ವೃತ್ತದಲ್ಲಿ ಪ್ರತಿ ಗೆರೆಯ ನಡುಭಾಗ ಸುಮಾರು 0.09 ಮಿ.ಮೀ. ಒಳಕ್ಕೆ ಬಂದಿರುತ್ತದೆ. ಪಿಸ್ಟನ್ ಮತ್ತು ಸಿಲಿಂಡರ್ ನಡುವೆ ನಾವು ಬಿಡುವ ಜಾಗ ಅದಕ್ಕಿಂತ ಕಡಿಮೆ. ಗೆರೆಗಳ ಸಂಖ್ಯೆ ಹೆಚ್ಚಿಸಬಹುದು, ನಿಜ. ಆದರೂ ಉರುಟು ಭಾಗಗಳೇ ಜಾಸ್ತಿ ಇರುವ ನಮ್ಮ ಕೆಲಸಕ್ಕೆ ಮೊದಲಿನಿಂದಲೇ ನಿಜವಾದ ವೃತ್ತ ಇರುವ ಸಾಫ್ಟ್‌ವೇರ್ ಹಿಡಿಯುವುದು ಒಳ್ಳೆಯದು.

ಹೆಜ್ಜೆ 2: 2ಡಿ ಸಾಕಾ?

ಕೆಲವರಿಗೆ ನಿಜಕ್ಕೂ ಸಾಕು. ಕಾಲೇಜಿನಲ್ಲಿ ಡ್ರಾಫ್ಟರ್ ಹಿಡಿದು ಕಲಿತವರು, ಹಳೆಯ ಡ್ರಾಯಿಂಗ್ ನೋಡಿ ಹಾಗೇ ಕಟ್ಟುವವರು, ಶೀಟ್ ಮೆಟಲ್ ಕೆಲಸವೇ ಜಾಸ್ತಿ ಇರುವವರು ಲಿಬ್ರೆಕ್ಯಾಡ್ ಹಾಕಿಕೊಳ್ಳಲಿ. ಉಚಿತ, ಹಗುರ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಫೈಲನ್ನು ಡಿಎಕ್ಸ್ಎಫ್ ರೂಪದಲ್ಲೇ ಉಳಿಸುವುದರಿಂದ ಲೇಸರ್ ಅಂಗಡಿಗೆ ನೇರ ಕೊಡಬಹುದು. ಕ್ಯೂಕ್ಯಾಡ್ ಕೂಡ ಇದೇ ಮನೆತನದ್ದು. ಲಿಬ್ರೆಕ್ಯಾಡ್ ಹುಟ್ಟಿದ್ದೇ ಅದರ ಉಚಿತ ಆವೃತ್ತಿಯಿಂದ.

ಆದರೆ ನೀವೇ ಎಂಜಿನ್ ವಿನ್ಯಾಸ ಮಾಡುವುದಾದರೆ, ಅಥವಾ ಬೇರೆಯವರ ಡ್ರಾಯಿಂಗಿನ ಅಳತೆ ಬದಲಿಸುವುದಾದರೆ, 3ಡಿ ಕಲಿಯಿರಿ. ಎರಡು ಭಾಗ ಒಂದಕ್ಕೊಂದು ತಾಗುತ್ತದಾ, ಬೋಲ್ಟ್ ತೂತು ಬೋರ್‌ನ (ಪಿಸ್ಟನ್ ಓಡಾಡುವ ಸಿಲಿಂಡರಿನ ತೂತಿನ) ಒಳಕ್ಕೆ ಹೊಕ್ಕುಬಿಡುತ್ತದಾ ಎನ್ನುವುದು ಲೋಹ ಕತ್ತರಿಸುವ ಮೊದಲೇ ಕಣ್ಣಿಗೆ ಕಾಣುತ್ತದೆ. ಅಷ್ಟೇ ಮುಖ್ಯವಾಗಿ ಅದು ‘ಪ್ಯಾರಾಮೆಟ್ರಿಕ್’ ಆಗಿರಬೇಕು. ಅಂದರೆ ಒಂದು ಅಳತೆ ಬದಲಿಸಿದರೆ ಅದನ್ನು ನಂಬಿಕೊಂಡಿರುವ ಉಳಿದೆಲ್ಲ ಅಳತೆ ತಾನಾಗಿ ಬದಲಾಗಬೇಕು.

ಸ್ಕೇಲ್ ಮಾಡೆಲ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಓಡುತ್ತಿದ್ದ ನ್ಯಾರೋ ಗೇಜ್ ರೈಲನ್ನೇ ತೆಗೆದುಕೊಳ್ಳಿ. ಆ ಹಳಿಗಳ ನಡುವಿನ ಅಂತರ 2 ಅಡಿ 6 ಇಂಚು, ಅಂದರೆ 762 ಮಿ.ಮೀ. ಹವ್ಯಾಸಿಗಳು ಬಳಸುವ 5 ಇಂಚಿನ ಹಳಿ 127 ಮಿ.ಮೀ. ಭಾಗಿಸಿ ನೋಡಿ, ಸರಿಯಾಗಿ ಆರಕ್ಕೊಂದು! ನನಗಂತೂ ಈ ಲೆಕ್ಕ ಸಿಕ್ಕ ದಿನ ನಿದ್ದೆ ಬರಲಿಲ್ಲ. ಆದರೆ ಎಲ್ಲ ಅಳತೆಯನ್ನೂ ಕಣ್ಣುಮುಚ್ಚಿ ಆರರಿಂದ ಭಾಗಿಸಿದರೆ ನಡೆಯುವುದಿಲ್ಲ. 6 ಮಿ.ಮೀ. ತಗಡು 1 ಮಿ.ಮೀ. ಆಗುತ್ತದೆ, ಅದು ಕೆಲವು ಕಡೆ ಭಾರ ತಡೆಯುವುದಿಲ್ಲ. ಹಾಗಾಗಿ ಸ್ಕೇಲ್ ಅನ್ನು ಒಂದು ಪ್ಯಾರಾಮೀಟರ್ ಆಗಿ ಇಟ್ಟು, ತಗಡಿನ ದಪ್ಪವನ್ನು ಬೇರೆಯದಾಗಿ ಇಡಬೇಕು. ಪ್ಯಾರಾಮೆಟ್ರಿಕ್ ಅಲ್ಲದ ಸಾಫ್ಟ್‌ವೇರ್‌ನಲ್ಲಿ ಇದನ್ನು ಕೈಯಾರೆ ಮಾಡುತ್ತಾ ಕೂರಬೇಕಾಗುತ್ತದೆ.

ಹೆಜ್ಜೆ 3: ‘ಉಚಿತ’ ಅಂದರೆ ಏನು ಎಂದು ಓದಿ

ಹವ್ಯಾಸಿಗಳಿಗೆ ಸಿಗುವ 3ಡಿ ಕ್ಯಾಡ್‌ಗಳಲ್ಲಿ ಬಹುಪಾಲು ಉಚಿತ ಅಥವಾ ಅಗ್ಗ. ಆದರೆ ಒಂದೊಂದರ ಶರತ್ತು ಒಂದೊಂದು ಥರ.

ಫ್ರೀಕ್ಯಾಡ್ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಫೈಲು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಇಂಟರ್‌ನೆಟ್ ಬೇಡ. ಮಾಡಿದ್ದನ್ನು ಮಾರಿದರೂ ಯಾರೂ ಕೇಳುವುದಿಲ್ಲ. 2002ರಲ್ಲಿ ಶುರುವಾದ ಈ ಯೋಜನೆ 1.0 ಆವೃತ್ತಿ ತಲುಪಿದ್ದು 2024ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಅದನ್ನು ಬಳಸಿ ಬೇಸತ್ತು ಬಿಟ್ಟವರಿದ್ದರೆ, ದಯವಿಟ್ಟು ಇನ್ನೊಮ್ಮೆ ನೋಡಿ. ಆಗ ದೊಡ್ಡ ತೊಂದರೆ ಒಂದಿತ್ತು. ಭಾಗದ ಅಂಚುಗಳಿಗೆಲ್ಲ ಅದು ನಂಬರ್ ಕೊಡುತ್ತಿತ್ತು. ಮೊದಲಿನ ಸ್ಕೆಚ್‌ನಲ್ಲಿ ಏನಾದರೂ ಬದಲಿಸಿದರೆ ನಂಬರುಗಳು ಅದಲುಬದಲು ಆಗುತ್ತಿದ್ದವು. ಬೀದಿಯ ನಡುವೆ ಹೊಸ ಮನೆ ಬಂದು ಮುಂದಿನ ಮನೆಗಳ ನಂಬರೆಲ್ಲ ಬದಲಾದರೆ ಪೋಸ್ಟ್‌ಮ್ಯಾನ್ ಪತ್ರವನ್ನು ಪಕ್ಕದ ಮನೆಗೆ ಹಾಕುತ್ತಾರಲ್ಲ, ಹಾಗೆ. ಒಂದು ಅಂಚಿಗೆ ಕೊಟ್ಟ ಫಿಲೆಟ್ (ಅಂಚಿನ ಉರುಟು) ಇನ್ನೊಂದು ಅಂಚಿಗೆ ಹೋಗಿ ಕೂರುತ್ತಿತ್ತು. 1.0ರಲ್ಲಿ ಇದನ್ನು ಬಹಳಮಟ್ಟಿಗೆ ಸರಿಮಾಡಿದ್ದಾರೆ. ಭಾಗಗಳನ್ನು ಜೋಡಿಸುವ ಅಸೆಂಬ್ಲಿ ಸೌಲಭ್ಯವೂ ಒಳಗೇ ಬಂದಿದೆ. ಕಲಿಯಲು ತಾಳ್ಮೆ ಬೇಕು, ಅದನ್ನು ಮುಚ್ಚಿಡುವುದಿಲ್ಲ.

ಆಟೋಡೆಸ್ಕ್‌ನ ಫ್ಯೂಷನ್ ವೈಯಕ್ತಿಕ ಬಳಕೆಗೆ ಉಚಿತ. ಕಲಿಯುವುದು ಸುಲಭ, ವಿಡಿಯೋ ಪಾಠಗಳು ರಾಶಿ ಇವೆ. ಆದರೆ ಒಂದು ಸಲಕ್ಕೆ ಎಡಿಟ್ ಮಾಡಲು ಸಿಗುವುದು 10 ಡಾಕ್ಯುಮೆಂಟ್ ಮಾತ್ರ. ಈ ಮಿತಿ ಬಂದಿದ್ದು 2020ರಲ್ಲಿ. ಕೇಳಲು ಭಯವಾದರೂ ಇದು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಒಂದು ಎಂಜಿನ್ನಿನ ಎಲ್ಲ ಭಾಗಗಳನ್ನೂ ಒಂದೇ ಡಾಕ್ಯುಮೆಂಟಿನಲ್ಲಿ ಇಡಬಹುದು, ಬೇಡದ್ದನ್ನು ಓದಲು ಮಾತ್ರ ಸಿಗುವಂತೆ ಬದಲಿಸಬಹುದು. ಡ್ರಾಯಿಂಗ್ ಒಂದೇ ಶೀಟಿಗೆ ಸೀಮಿತ ಎನ್ನುವುದು ನನಗೆ ಅದಕ್ಕಿಂತ ಕಿರಿಕಿರಿ. ಲಿನಕ್ಸ್‌ನಲ್ಲಿ ಇಲ್ಲ.

ಆನ್‌ಶೇಪ್ ಬ್ರೌಸರಿನಲ್ಲೇ ಓಡುತ್ತದೆ. ಕಂಪ್ಯೂಟರ್ ಹಳೆಯದಾಗಿದ್ದರೆ, ಇಂಟರ್‌ನೆಟ್ ಚೆನ್ನಾಗಿದ್ದರೆ, ಇದು ವರವೇ ಸರಿ. ಉಚಿತ ಖಾತೆಯಲ್ಲಿ ನೀವು ಮಾಡಿದ್ದೆಲ್ಲ ಸಾರ್ವಜನಿಕ, ಯಾರು ಬೇಕಾದರೂ ನೋಡಬಹುದು, ಪ್ರತಿ ಮಾಡಿಕೊಳ್ಳಬಹುದು. ಹವ್ಯಾಸದ ಎಂಜಿನ್‌ಗೆ ಅದರಿಂದ ನಷ್ಟವೇನಿಲ್ಲ ಎಂದು ನನ್ನ ಅನಿಸಿಕೆ. ಆದರೆ ಬೇರೊಬ್ಬರಿಂದ ದುಡ್ಡು ಕೊಟ್ಟು ಕೊಂಡ ಡ್ರಾಯಿಂಗನ್ನು ಅದರಲ್ಲಿ ಹಾಕಬೇಡಿ. ಅದು ಅವರ ಶ್ರಮ.

ಸೀಮೆನ್ಸ್‌ನ ಸಾಲಿಡ್ ಎಡ್ಜ್‌ಗೆ ಉಚಿತ ಕಮ್ಯುನಿಟಿ ಆವೃತ್ತಿ ಇದೆ, ವಿಂಡೋಸ್‌ಗೆ ಮಾತ್ರ. ಆ ಫೈಲು ಅದರ ವಾಣಿಜ್ಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಸಾಲಿಡ್‌ವರ್ಕ್ಸ್‌ಗೆ ಹವ್ಯಾಸಿಗಳ ಆವೃತ್ತಿ ವರ್ಷದ ಚಂದಾಕ್ಕೆ ಸಿಗುತ್ತದೆ. ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಅಲಿಬ್ರೆ ಆಟಮ್3ಡಿ ಇದೆ, ಅದೂ ವಿಂಡೋಸ್‌ಗೆ ಮಾತ್ರ.

ಇಷ್ಟು ವಿವರವಾಗಿ ಯಾಕೆ ಹೇಳಿದೆ ಅಂದರೆ, ಶರತ್ತುಗಳು ಬದಲಾಗುತ್ತವೆ. ಡ್ರಾಫ್ಟ್‌ಸೈಟ್ ಎಂಬ 2ಡಿ ಸಾಫ್ಟ್‌ವೇರ್ ವರ್ಷಗಟ್ಟಲೆ ಉಚಿತವಾಗಿತ್ತು. 2019ರ ಕೊನೆಗೆ ಉಚಿತ ಆವೃತ್ತಿ ನಿಂತುಹೋಯಿತು. ಒಂದು ಲೋಕೊಮೋಟಿವ್ ಮಾಡೆಲ್ ಕಟ್ಟಲು ಎಂಟು ಹತ್ತು ವರ್ಷ ಹಿಡಿಯಬಹುದು. ಅಷ್ಟು ವರ್ಷ ಆದಮೇಲೂ ನಿಮ್ಮ ಡ್ರಾಯಿಂಗ್ ನಿಮಗೆ ತೆರೆಯಬೇಕು, ಅಲ್ವಾ?

ಹೆಜ್ಜೆ 4: ಎರಡನ್ನು ಹಾಕಿಕೊಂಡು ಒಂದೇ ಎಂಜಿನ್ ಬಿಡಿಸಿ

ಇದೇ ಮುಖ್ಯವಾದ ಹೆಜ್ಜೆ. ದಯವಿಟ್ಟು ಇದನ್ನು ಹಾರಿಸಬೇಡಿ. ಮೇಲಿನವುಗಳಲ್ಲಿ ನಿಮಗೆ ಹೊಂದುವ ಎರಡನ್ನು ಆರಿಸಿ. ಎರಡರಲ್ಲೂ ಒಂದೇ ಕೆಲಸ ಮಾಡಿ. ಒಂದೊಂದಕ್ಕೆ ಒಂದು ವಾರ ಕೊಡಿ.

ಪರೀಕ್ಷೆಗೆ ತೂಗಾಡುವ ಸಿಲಿಂಡರಿನ ಉಗಿ ಎಂಜಿನ್‌ಗಿಂತ ಒಳ್ಳೆಯದು ಇಲ್ಲ. ವಾಲ್ವ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ಪಿಸ್ಟನ್ ರಾಡ್ ನೇರ ಕ್ರ್ಯಾಂಕ್ ಪಿನ್ನಿಗೆ ಸೇರುತ್ತದೆ. ಕ್ರ್ಯಾಂಕ್ ತಿರುಗಿದಂತೆ ಸಿಲಿಂಡರ್ ಒಂದು ಪಿವಟ್ (ತಿರುಗುಗೂಟ) ಮೇಲೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಹಾಗೆ ತೂಗುವಾಗ ಸಿಲಿಂಡರಿನ ಮೈಯಲ್ಲಿರುವ ತೂತು ಫ್ರೇಮಿನ ಒಂದು ತೂತಿಗೆ ಬಂದಾಗ ಉಗಿ ಒಳಕ್ಕೆ, ಇನ್ನೊಂದಕ್ಕೆ ಬಂದಾಗ ಆಚೆಗೆ. ಫ್ರೇಮಿನ ಆ ಎರಡು ತೂತು ಎಲ್ಲಿರಬೇಕು ಎನ್ನುವುದೇ ಈ ಎಂಜಿನ್ನಿನ ಗುಟ್ಟು.

ಮೊದಲು ಒಂದು ಸ್ಕೆಚ್. ಕ್ರ್ಯಾಂಕ್ ಕೇಂದ್ರದಲ್ಲಿ 8 ಮಿ.ಮೀ. ತ್ರಿಜ್ಯದ ವೃತ್ತ ಹಾಕಿ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 16 ಆಯಿತು. ಅದರ ನೇರ ಮೇಲೆ 40 ಮಿ.ಮೀ. ದೂರದಲ್ಲಿ ಪಿವಟ್ ಬಿಂದು. ಪಿವಟ್‌ನಿಂದ ಆ ವೃತ್ತವನ್ನು ಮುಟ್ಟಿಕೊಂಡು ಹೋಗುವ ಸ್ಪರ್ಶಕ ಗೆರೆ ಎಳೆಯಿರಿ. ಸಿಲಿಂಡರ್ ಅತಿ ಹೆಚ್ಚು ವಾಲುವುದು ಅಷ್ಟೇ. ಆ ಗೆರೆಯನ್ನು ಪಿವಟ್‌ನಿಂದ ಮೇಲಕ್ಕೆ 12 ಮಿ.ಮೀ. ಮುಂದುವರಿಸಿ. ಅದರ ತುದಿಯೇ ಫ್ರೇಮಿನ ಒಂದು ತೂತಿನ ಕೇಂದ್ರ. ಇನ್ನೊಂದು ಬದಿಗೂ ಹೀಗೇ.

ಸಾಫ್ಟ್‌ವೇರನ್ನೇ ಕೋನ ಕೇಳಿ. 11.54 ಡಿಗ್ರಿ ಬರಬೇಕು. ತೂತಿನ ಕೇಂದ್ರ ನಡುಗೆರೆಯಿಂದ 2.4 ಮಿ.ಮೀ. ದೂರದಲ್ಲಿರಬೇಕು. ಲೆಕ್ಕ ಸುಲಭ: 8ನ್ನು 40ರಿಂದ ಭಾಗಿಸಿದರೆ 0.2, ಅದನ್ನು 12ರಿಂದ ಗುಣಿಸಿದರೆ 2.4. ತೂತುಗಳು 2 ಮಿ.ಮೀ. ಇದ್ದರೆ, ಸಿಲಿಂಡರ್ ನಟ್ಟನಡುವೆ ನಿಂತಾಗ 0.4 ಮಿ.ಮೀ. ಅಂತರ ಉಳಿಯುತ್ತದೆ, ಉಗಿ ಸೋರುವುದಿಲ್ಲ. 2.5 ಮಿ.ಮೀ. ಮಾಡಿದರೆ ಒಂದರ ಮೇಲೊಂದು ಬಂದು ಉಗಿ ನೇರ ಆಚೆಗೆ ಹೋಗುತ್ತದೆ.

ಈಗ ನಿಜವಾದ ಪರೀಕ್ಷೆ. 8 ಇದ್ದಲ್ಲಿ 10 ಅಂತ ಟೈಪ್ ಮಾಡಿ. ಕೋನ 14.48ಕ್ಕೆ ಹೋಗಬೇಕು, 2.4 ಇದ್ದದ್ದು 3.0 ಆಗಬೇಕು. ಫ್ರೇಮಿನ 3ಡಿ ಭಾಗದಲ್ಲಿ ತೂತುಗಳು ತಾವಾಗಿ ಸರಿಯಬೇಕು. ಡ್ರಾಯಿಂಗ್ ಶೀಟಿನಲ್ಲಿ ಅಳತೆ ಬದಲಾಗಬೇಕು. ಇಷ್ಟೂ ಆಗಿ, ಎಲ್ಲೂ ಕೆಂಪು ಎರರ್ ಬರದಿದ್ದರೆ ಆ ಸಾಫ್ಟ್‌ವೇರ್ ನಿಮ್ಮ ಕೈಗೆ ಒಗ್ಗಿತು ಅನ್ನಬಹುದು. ಎರರ್ ಬಂದರೂ ಗಾಬರಿ ಬೇಡ. ಅದನ್ನು ಹುಡುಕಿ ಸರಿಮಾಡಲು ನಿಮಗೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ಎರಡು ಸಾಫ್ಟ್‌ವೇರ್‌ಗಳ ನಡುವೆ ನನಗೆ ತೀರ್ಮಾನ ಕೊಟ್ಟಿದ್ದು ಆ ಹೊತ್ತೇ.

ಇನ್ನು ಸಿಲಿಂಡರ್. 20 × 20 × 32 ಮಿ.ಮೀ. ಹಿತ್ತಾಳೆ ತುಂಡು, ಬೋರ್ 12 ಮಿ.ಮೀ. ಬೋರ್‌ನ ಕೇಂದ್ರವನ್ನು ಹಿಂಬದಿಯಿಂದ 8 ಮಿ.ಮೀ.ಗೆ ಇಟ್ಟರೆ ಮುಂಬದಿಯಲ್ಲಿ 6 ಮಿ.ಮೀ. ಗೋಡೆ ಉಳಿಯುತ್ತದೆ. ಅದರಲ್ಲಿ ಪಿವಟ್‌ಗೆ ಎಂ4 ಟ್ಯಾಪ್, ಅಂದರೆ 4 ಮಿ.ಮೀ. ಸ್ಕ್ರೂ ಕೂರುವ ಥ್ರೆಡ್. ಡ್ರಿಲ್ 3.3, ಆಳ 4.5. ಆರಾಮಾಗಿ 1.5 ಮಿ.ಮೀ. ಉಳಿಯಿತು ಅನ್ನಿಸುತ್ತದೆ. ಆದರೆ ಡ್ರಿಲ್ ಬಿಟ್ಟಿನ ಮೂತಿ ಚೂಪು. ಅದು ಇನ್ನೂ ಸುಮಾರು 1 ಮಿ.ಮೀ. ಒಳಕ್ಕೆ ಹೋಗುತ್ತದೆ. ಉಳಿಯುವುದು ಅರ್ಧ ಮಿ.ಮೀ. ಮಾತ್ರ. ಸಾಫ್ಟ್‌ವೇರಿನ ಹೋಲ್ ಟೂಲ್‌ನಲ್ಲಿ ಆ ಮೂತಿಯನ್ನೂ ತೋರಿಸುವ ಆಯ್ಕೆ ಇದೆಯಾ ನೋಡಿ. ಇದ್ದರೆ ಅಡ್ಡಕೊಯ್ತದ ನೋಟದಲ್ಲಿ ಆ ತೆಳು ಗೋಡೆ ಕಾಣುತ್ತದೆ, ನೀವು ಆಳವನ್ನು 4ಕ್ಕೆ ಇಳಿಸುತ್ತೀರಿ. 3ಡಿ ಕಲಿತದ್ದು ಸಾರ್ಥಕ ಅನ್ನಿಸುವುದು ಇಂಥ ಕಡೆ.

ಹೆಜ್ಜೆ 5: ಆಚೆ ಬಂದದ್ದನ್ನು ಅಳೆಯಿರಿ

ಪ್ರತಿ ಡ್ರಾಯಿಂಗ್ ಶೀಟಿನ ಕೆಳಗೆ 100 ಮಿ.ಮೀ. ಉದ್ದದ ಒಂದು ಗೆರೆ ಹಾಕಿ. ಪ್ರಿಂಟ್ ಕೊಡುವಾಗ ಸ್ಕೇಲ್ ಶೇಕಡ 100 ಎಂದು ಆರಿಸಿ. ಹಾಳೆ ಬಂದ ಕೂಡಲೇ ಸ್ಟೀಲ್ ಸ್ಕೇಲ್ ಇಟ್ಟು ಆ ಗೆರೆ ಅಳೆಯಿರಿ. 97 ಬಂದರೆ ಆ ಹಾಳೆ ಬೇಡ. ನನ್ನ ಪ್ಲೇಟ್ ಉಳಿಯಲು ಬೇಕಾಗಿದ್ದು ಇಷ್ಟೇ.

ಡಿಎಕ್ಸ್ಎಫ್ ಮಾಡಿ ಲಿಬ್ರೆಕ್ಯಾಡ್‌ನಲ್ಲಿ ತೆರೆದು, ಗೊತ್ತಿರುವ ಒಂದು ಅಳತೆ ನೋಡಿ. ಹಳೆಯ ಮಾದರಿಯ ಡಿಎಕ್ಸ್ಎಫ್‌ನಲ್ಲಿ ಬರೀ ಅಂಕಿ ಇರುತ್ತದೆ, ಅದು ಮಿ.ಮೀ. ಅಥವಾ ಇಂಚು ಎನ್ನುವುದು ಇರುವುದಿಲ್ಲ. ಎಸ್‌ಟಿಎಲ್‌ನಲ್ಲೂ ಹಾಗೇ. ಹಾಗಾಗಿ ಲೇಸರ್ ಅಂಗಡಿಗೆ ಕಳಿಸುವಾಗ ‘ಮಿ.ಮೀ., ಒಟ್ಟು ಉದ್ದ ಇಷ್ಟು’ ಎಂದು ಜೊತೆಗೇ ಬರೆದು ಕಳಿಸಿ.

ಡ್ರಾಯಿಂಗ್ ಶೀಟಿನಲ್ಲಿ ನೋಟಗಳು ಫಸ್ಟ್ ಆ್ಯಂಗಲ್‌ನಲ್ಲಿ ಇವೆಯಾ ಎಂದೂ ನೋಡಿ. ನಮ್ಮಲ್ಲಿ ಕಾಲೇಜಿನಲ್ಲಿ ಕಲಿಸುವುದು ಅದನ್ನೇ. ಅಮೆರಿಕದಲ್ಲಿ ಥರ್ಡ್ ಆ್ಯಂಗಲ್. ಎಡಬದಿಯ ನೋಟವನ್ನು ಫಸ್ಟ್ ಆ್ಯಂಗಲ್‌ನಲ್ಲಿ ಬಲಕ್ಕೆ ಬಿಡಿಸುತ್ತಾರೆ, ಥರ್ಡ್ ಆ್ಯಂಗಲ್‌ನಲ್ಲಿ ಎಡಕ್ಕೇ. ಸಾಫ್ಟ್‌ವೇರ್ ಮೊದಲಿಂದ ಯಾವುದಕ್ಕೆ ಸೆಟ್ ಆಗಿದೆಯೋ ಅದರಲ್ಲೇ ಕೊಟ್ಟುಬಿಡುತ್ತದೆ. ನಾನು ಒಮ್ಮೆ ಗಮನಿಸದೆ ಕೊಟ್ಟೆ. ಟರ್ನರ್ ಅಣ್ಣ ತಮಗೆ ರೂಢಿಯಿದ್ದಂತೆ ಓದಿದರು. ಎಡಕ್ಕೆ ಇರಬೇಕಾದ ತೋಡು ಬಲಕ್ಕೆ ಬಂತು. ಅವರ ತಪ್ಪು ಅಲ್ಲವೇ ಅಲ್ಲ, ಶೀಟಿನಲ್ಲಿ ಯಾವ ಆ್ಯಂಗಲ್ ಎಂದು ನಾನು ಗುರುತು ಹಾಕಿರಲಿಲ್ಲ. ಗುರುತು ಹಾಕಿ, ಜೊತೆಗೆ ಒಂದು 3ಡಿ ಚಿತ್ರವನ್ನೂ ಮೂಲೆಯಲ್ಲಿ ಇಡಿ. ಟರ್ನರ್‌ಗಳಿಗೆ ಅದು ತುಂಬ ಇಷ್ಟವಾಗುತ್ತದೆ.

ಇಂಚಿನ ಡ್ರಾಯಿಂಗ್ ನೋಡಿ ಕಟ್ಟುವವರಿಗೆ ಒಂದು ಮಾತು. ಈ ಹವ್ಯಾಸ ಬ್ರಿಟನ್ನಿನಲ್ಲಿ ಬೆಳೆದದ್ದು. ಅಲ್ಲಿನ ಹಳೆಯ ಡ್ರಾಯಿಂಗ್‌ಗಳೆಲ್ಲ ಇಂಚಿನಲ್ಲೇ ಇವೆ. ಹೆಸರಾದ ಸ್ಟುವರ್ಟ್ 10ವಿ ಎಂಜಿನ್ನಿನ ಬೋರ್ ಮುಕ್ಕಾಲು ಇಂಚು, ಸ್ಟ್ರೋಕ್ ಕೂಡ ಅಷ್ಟೇ, ಅಂದರೆ 19.05 ಮಿ.ಮೀ. ನೀವೇ ಗುಣಿಸುತ್ತಾ ಕೂರಬೇಡಿ. ಒಳ್ಳೆಯ ಕ್ಯಾಡ್‌ಗಳಲ್ಲಿ ಮಿ.ಮೀ. ಕೆಲಸದ ನಡುವೆಯೇ ಅಳತೆಯ ಜಾಗದಲ್ಲಿ 0.75 ಹಾಕಿ ಇಂಚಿನ ಗುರುತು ಕೊಟ್ಟರೆ ಅದೇ ಬದಲಿಸಿಕೊಳ್ಳುತ್ತದೆ. ಆದರೆ ಬೋಲ್ಟ್‌ಗಳನ್ನು ಹೀಗೆ ಬದಲಿಸಲು ಆಗುವುದಿಲ್ಲ. ಆ ಡ್ರಾಯಿಂಗ್‌ಗಳಲ್ಲಿ ಬಿಎ ಎಂಬ ಹಳೆಯ ಬ್ರಿಟಿಷ್ ಅಳತೆಯ ಥ್ರೆಡ್ ಇರುತ್ತದೆ. 2ಬಿಎ ವ್ಯಾಸ 4.7 ಮಿ.ಮೀ., ಪಿಚ್ (ಎಳೆಯಿಂದ ಎಳೆಗೆ ದೂರ) 0.81. ಅದರ ಟ್ಯಾಪ್ ಹುಡುಕಿ ಸುತ್ತಾಡುವ ಬದಲು ಎಂ5ಗೆ ಬದಲಿಸಿ, ಡ್ರಿಲ್ 4.2. ಬದಲಿಸಿದ ಮೇಲೆ ಬೋಲ್ಟ್ ತಲೆಗೆ ಜಾಗ ಸಾಲುತ್ತದಾ ಎಂದು ಅಸೆಂಬ್ಲಿಯಲ್ಲಿ ನೋಡಿ.

ಹೆಜ್ಜೆ 6: ಆರಿಸಿದ ಮೇಲೆ

ನನ್ನ ಸಲಹೆ ಕೇಳಿದರೆ: ಎರಡು ತಿಂಗಳ ಸಂಜೆಗಳನ್ನು ಕೊಡಲು ಸಿದ್ಧರಿದ್ದರೆ ಫ್ರೀಕ್ಯಾಡ್. ಈ ತಿಂಗಳೇ ಎಂಜಿನ್ ಶುರುಮಾಡಬೇಕು ಅಂದರೆ ಫ್ಯೂಷನ್. ಕಂಪ್ಯೂಟರ್ ದುರ್ಬಲವಾಗಿದ್ದರೆ ಆನ್‌ಶೇಪ್. ಯಾವುದನ್ನು ಹಿಡಿದರೂ, ಮುಗಿದ ಪ್ರತಿ ಭಾಗವನ್ನು ಸ್ಟೆಪ್ ಫೈಲಾಗಿಯೂ ಪಿಡಿಎಫ್ ಆಗಿಯೂ ಉಳಿಸಿ. ಸ್ಟೆಪ್ ಅನ್ನು ಬಹುತೇಕ ಎಲ್ಲ ಎಂಜಿನಿಯರಿಂಗ್ 3ಡಿ ಕ್ಯಾಡ್‌ಗಳಲ್ಲೂ ತೆರೆಯಬಹುದು. ಅದರಲ್ಲಿ ಆಕಾರ ಉಳಿಯುತ್ತದೆ, ನೀವು ಮಾಡಿದ ಹಂತಗಳು ಮತ್ತು ಪ್ಯಾರಾಮೀಟರ್ ಉಳಿಯುವುದಿಲ್ಲ. ಹಾಗಾಗಿ ಮುಖ್ಯ ಅಳತೆಗಳನ್ನು ಒಂದು ನೋಟ್‌ಬುಕ್‌ನಲ್ಲೂ ಬರೆದಿಡಿ. ಪೆನ್ ಡ್ರೈವ್‌ನಲ್ಲಿ ಒಂದು ಪ್ರತಿ ಇರಲಿ.

ಆಮೇಲೆ ಒಂದು ವರ್ಷ ಸಾಫ್ಟ್‌ವೇರ್ ಬದಲಿಸಬೇಡಿ. ಪರೀಕ್ಷೆಗೆ ಬಿಡಿಸಿದ ಆ ಎಂಜಿನ್ ನಿಮ್ಮ ಬಳಿ ಆಗಲೇ ಇದೆಯಲ್ಲ. 10 ಅಂತ ಬದಲಿಸಿದ್ದನ್ನು 8ಕ್ಕೆ ವಾಪಸ್ ತನ್ನಿ, 100 ಮಿ.ಮೀ. ಗೆರೆ ಅಳೆದ ಪ್ರಿಂಟ್ ತೆಗೆಯಿರಿ, ಪ್ಲಾಸ್ಟಿಕ್ ಕವರಿಗೆ ಹಾಕಿ. ಶನಿವಾರ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಿ 20 ಮಿ.ಮೀ. ಚೌಕದ ಹಿತ್ತಾಳೆ ಬಾರ್ ಕೇಳಿ. ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಕತ್ತರಿಸುವಾಗ ಹಾಳಾಗಬಹುದು, ಎರಡು ಸಿಲಿಂಡರಿಗೆ ಆಗುವಷ್ಟು ತನ್ನಿ.